ಫೈರ್‌ವಾಲಿಗೆ ಮಂಗಳಾರತಿ

ನನ್ನ ಹೆಸರು ಶಾಂತಿ. ಹೆಸರಿಟ್ಟ ಅಜ್ಜಿಗೆ ಮುಂದಾಲೋಚನೆ ಸಾಲದು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಊರು ಹದಿನಾರು. ನಂಜನಗೂಡು, ತಿ. ನರಸೀಪುರ ಎರಡೂ ಕಡೆ ಕೆಲವು ಸರ್ಕಾರಿ ಕಚೇರಿಗಳಲ್ಲಿ ಕಂಪ್ಯೂಟರ್ ಕೆಟ್ಟರೆ, ಪ್ರಿಂಟರ್ ಕಾಗದ ಕಚ್ಚಿಕೊಂಡರೆ, ನೆಟ್‌ವರ್ಕ್ ಹೋದರೆ ಫೋನು ಬರುವುದು ನನಗೆ. ಕೆಲಸ ಕಾಂಟ್ರ್ಯಾಕ್ಟಿನದು. ಬೆಳಿಗ್ಗೆ ನಂಜನಗೂಡಿನಲ್ಲಿ ಒಬ್ಬರ ಮೌಸ್ ಸರಿಮಾಡಿ, ಬಸ್ಸಿನಲ್ಲಿ ನಿಂತುಕೊಂಡೇ ನರಸೀಪುರಕ್ಕೆ ಹೋಗಿ, ಇನ್ನೊಬ್ಬರು ಮರೆತ ಪಾಸ್‌ವರ್ಡ್ ಬದಲಿಸಿಕೊಟ್ಟು, ಸಂಜೆ ಸೊಂಟ ಹಿಡಿದುಕೊಂಡು ಊರಲ್ಲಿ ಇಳಿಯುವಾಗ ಯಾರಾದರೂ "ಏನ್ ಶಾಂತಿ, ಕೂತ್ಕಂಡು ಮಾಡೋ ಕೆಲ್ಸ, ಪುಣ್ಯವಂತೆ ಕಣವ್ವ" ಅಂದರೆ ಮೈಯೆಲ್ಲ ಉರಿಯುತ್ತದೆ.

ರಘೂತ್ತಮ ಅವರ ಪರಿಚಯವಾದದ್ದು ಆ ಬಸ್ಸಿನಲ್ಲೇ. ನಂಜನಗೂಡಿನವರು. ಹುಟ್ಟಿನಿಂದ ಕಣ್ಣಿಲ್ಲ. ತಂದೆ ಮುರಳೀಧರಾಚಾರ್ಯರು ಹೊಳೆದಂಡೆಯ ಒಂದು ಪುಟ್ಟ ದೇವಸ್ಥಾನದಲ್ಲಿ ಅರ್ಚಕರು. ಮಗ ಮೈಸೂರಿನಲ್ಲಿ ಓದಿ, ಪರೀಕ್ಷೆ ಬರೆದು ಪಾಸಾಗಿ, ಎಸ್‌ಡಿಎ ಅಂದರೆ ಗುಮಾಸ್ತೆಯ ಕೆಲಸಕ್ಕೆ ನರಸೀಪುರದ ಒಂದು ಕಚೇರಿಗೆ ಬಂದವರು. ಇಲಾಖೆಯ ಹೆಸರು ಬೇಡ, ನನ್ನ ಕಾಂಟ್ರ್ಯಾಕ್ಟ್ ಇನ್ನೂ ಅಲ್ಲೇ ಇದೆ. ಬಿಳಿ ಕೋಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಒಂದು ದಿನ ತಾವಾಗಿಯೇ ಮಾತಿಗೆಳೆದರು.

"ನೀವು ಕಂಪ್ಯೂಟರ್ ರಿಪೇರಿಯವರಲ್ವೇ? ದಿನಾ ಫೋನಲ್ಲಿ ಯಾರನ್ನೋ ಬೈತಾ ಇರ್ತೀರಿ, ಕೇಳಿಸ್ಕೋತೀನಿ."

ನನಗೆ ನಾಚಿಕೆಯಾಯಿತು. "ಬೈಯದೆ ಇದ್ರೆ ಯಾರೂ ಕೆಲ್ಸ ಮಾಡಲ್ಲ ಸಾರ್" ಅಂದೆ.

"ಹಾಗಾದ್ರೆ ನನಗೋಸ್ಕರಾನೂ ಒಂದಿಷ್ಟು ಬೈದುಕೊಡಿ" ಅಂದರು.

ವಿಷಯ ಇಷ್ಟು. ಕಂಪ್ಯೂಟರ್ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಇರುತ್ತದೆ. ಕಾಲೇಜಿನಲ್ಲಿ ಅವರು ಅದನ್ನೇ ಬಳಸಿ ಓದಿದ್ದು, ಟೈಪ್ ಮಾಡಿದ್ದು. ಕಚೇರಿಯ ಕಂಪ್ಯೂಟರಿನಲ್ಲಿ ಅದಿಲ್ಲ. ಕೇಳಿ ಕೇಳಿ ಅವರ ಪ್ರೊಬೇಷನ್ ಅವಧಿಯೇ ಮುಗಿಯುತ್ತ ಬಂದಿತ್ತು. ಬರುವ ಶುಕ್ರವಾರ ಮೈಸೂರಿನಿಂದ ಮೇಲಧಿಕಾರಿ ಬಂದು, ಇವರು ಒಂದು ಕಡತವನ್ನು ತಾವೇ ಕಂಪ್ಯೂಟರಿನಲ್ಲಿ ತೆಗೆದು, ಓದಿ, ಟಿಪ್ಪಣಿ ಬರೆದು, ಮುಂದೆ ಕಳಿಸುತ್ತಾರೋ ಇಲ್ಲವೋ ನೋಡುತ್ತಾರೆ. ಮಾಡಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಕೆಲಸಕ್ಕೆ ತಕ್ಕವರಲ್ಲ ಎಂದು ವರದಿ ಹೋಗುತ್ತದೆ, ಮನೆಗೆ ಹೋಗಬೇಕಾಗುತ್ತದೆ.

"ಇಷ್ಟು ದಿನ ಅಲ್ಲಿ ಏನ್ ಮಾಡ್ತಿದ್ರಿ ಮತ್ತೆ?" ಎಂದು ಕೇಳಿಬಿಟ್ಟೆ.

"ಪೂಜೆ" ಅಂದರು.

ತಮಾಷೆಗೆ ಹೇಳಿದರು ಅಂದುಕೊಂಡೆ. ಸೋಮವಾರ ಅವರ ಕಚೇರಿಗೆ ಹೋದಾಗ ಗೊತ್ತಾಯಿತು, ತಮಾಷೆಯಲ್ಲ.

ಅಲ್ಲಿನ ಸೂಪರಿಂಟೆಂಡೆಂಟ್ ಸಿದ್ದಮಲ್ಲಪ್ಪನವರು ಒಳ್ಳೆಯ ಮನುಷ್ಯ. ಒಳ್ಳೆಯವರ ಜೊತೆ ಏಗುವುದು ಬಲು ಕಷ್ಟ, ಕೆಟ್ಟವರನ್ನಾದರೆ ಬೈದುಬಿಡಬಹುದು. ರಘೂತ್ತಮ ಅಲ್ಲಿ ಯಾರಿಗೂ ರಘೂತ್ತಮ ಅಲ್ಲ, ಆಚಾರ್ರು. ಬಂದ ದಿನವೇ ಸಿದ್ದಮಲ್ಲಪ್ಪನವರು ಅವರ ಪಾಲಿನ ಕಡತಗಳನ್ನು ಉಳಿದವರಿಗೆ ಹಂಚಿ, ಫ್ಯಾನಿನ ಕೆಳಗೆ ಒಂದು ಕುರ್ಚಿ ಹಾಕಿಸಿ, ಶುಕ್ರವಾರದ ಪೂಜೆಯನ್ನು ಒಪ್ಪಿಸಿಬಿಟ್ಟಿದ್ದರು. ನಮ್ಮ ಕಡೆ ಕಚೇರಿಗಳಲ್ಲಿ ಶುಕ್ರವಾರದ ಪೂಜೆ ಗೊತ್ತಲ್ಲ, ಫೋಟೋಗೆ ಹೂ ಹಾಕಿ ಕಡ್ಡಿ ಹಚ್ಚಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಮಂತ್ರ ಬಲ್ಲವರೊಬ್ಬರು ಸಿಕ್ಕಿದ್ದರಿಂದ ಅದು ದೇವಸ್ಥಾನದ ಮಟ್ಟಕ್ಕೆ ಏರಿತ್ತು. ರೆಕಾರ್ಡ್ ರೂಮಿನ ಗೋಡೆಯ ಮೇಲೆ ದೇವರ ಪಟಗಳು, ಕೆಳಗೆ ಒಂದು ಕಬ್ಬಿಣದ ಸ್ಟ್ಯಾಂಡು, ಸ್ಟ್ಯಾಂಡಿನಲ್ಲಿ ನೆಟ್‌ವರ್ಕಿನ ಪೆಟ್ಟಿಗೆಗಳು. ಪಟಕ್ಕಿಟ್ಟ ಕುಂಕುಮ ಪೆಟ್ಟಿಗೆಗೂ ಬಿದ್ದಿತ್ತು. ಫೈರ್‌ವಾಲ್ ಅನ್ನುವ ಪೆಟ್ಟಿಗೆಯ ಹಣೆಗೆ ವಿಭೂತಿ ಬೇರೆ.

"ಪಾಪ, ಅವ್ರಿಗ್ಯಾಕಮ್ಮ ಆ ಕಂಪ್ಯೂಟ್ರು ಕಾಟ?" ಅಂದರು ಸಿದ್ದಮಲ್ಲಪ್ಪನವರು. "ದೇವರಂಥ ಮನ್ಸ. ನಾವು ಅವರ ಕೈಲಿ ಒಂದು ಕಡ್ಡಿ ಎತ್ತಿಡ್ಸಲ್ಲ."

ರಘೂತ್ತಮ ಫ್ಯಾನಿನ ಕೆಳಗೆ ಕೂತು ಕೇಳಿಸಿಕೊಳ್ಳುತ್ತಿದ್ದರು.

ನಾನು ಕೆಲಸ ಶುರುಮಾಡಿದೆ. ಮನೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿ ತಂದಿದ್ದೆ. ಚುಚ್ಚಿದರೆ ಕಂಪ್ಯೂಟರ್ ಕಣ್ಣೆತ್ತಿಯೂ ನೋಡಲಿಲ್ಲ. ಭದ್ರತೆಯ ನೆಪದಲ್ಲಿ ಎಲ್ಲ ಕಂಪ್ಯೂಟರಿನಲ್ಲೂ ಪೆನ್‌ಡ್ರೈವ್ ಬಂದ್ ಮಾಡಿಟ್ಟಿದ್ದಾರೆ. ಸರಿ, ಇಲ್ಲಿಂದಲೇ ಇಳಿಸೋಣ ಎಂದು ನೋಡಿದರೆ ಪರದೆಯ ತುಂಬ ಕೆಂಪು ಪುಟ: ಈ ತಾಣಕ್ಕೆ ಪ್ರವೇಶವಿಲ್ಲ, ವರ್ಗ ಸಂಗೀತ ಮತ್ತು ಮನರಂಜನೆ. ಇದು ಫೈರ್‌ವಾಲಿನ ಕೆಲಸ. ಫೈರ್‌ವಾಲ್ ಅಂದರೆ ಕಚೇರಿಯ ನೆಟ್‌ವರ್ಕಿನ ಬಾಗಿಲು ಕಾಯುವ ಪೆಟ್ಟಿಗೆ. ಹೊರಗಿನಿಂದ ಬಂದದ್ದನ್ನೆಲ್ಲ ಬಿಚ್ಚಿ ನೋಡಿ, ಬೇಡವಾದದ್ದನ್ನು ತಡೆದು, ಬೇಕಾದದ್ದಕ್ಕೆ ತನ್ನ ಮೊಹರು ಒತ್ತಿ ಒಳಗೆ ಬಿಡುತ್ತದೆ. ಓದಿ ಹೇಳುವ ಸಾಫ್ಟ್‌ವೇರಿನಲ್ಲಿ ಧ್ವನಿ ಇದೆಯಲ್ಲ, ಗುಮಾಸ್ತರು ಹಾಡು ಕೇಳಿಕೊಂಡು ಕೂರುತ್ತಾರೆ ಎಂದು ತಡೆದುಬಿಟ್ಟಿದೆ.

ಆ ಪೆಟ್ಟಿಗೆಯ ಬೀಗದ ಕೈ ಮೈಸೂರಿನ ಸಹಾಯ ಕೇಂದ್ರದಲ್ಲಿ ಕೂರುವ ಶಿವರಾಜು ಹತ್ತಿರ. ಫೋನು ಮಾಡಿದೆ.

"ಟಿಕೆಟ್ ಹಾಕಿ ಅಕ್ಕ" ಅಂದ. ಟಿಕೆಟ್ ಅಂದರೆ ಕಂಪ್ಯೂಟರಿನಲ್ಲೇ ಬರೆದು ಹಾಕುವ ದೂರು.

"ಶಿವರಾಜು, ಒಂದು ಸೈಟು ಬಿಡಕ್ಕೆ ಟಿಕೆಟ್ ಯಾಕಪ್ಪ?"

"ರೂಲ್ಸು ಅಕ್ಕ. ಯಾರ ಕಂಪ್ಯೂಟ್ರೋ ಅವರ ಲಾಗಿನ್‌ನಿಂದಾನೇ ಹಾಕ್ಬೇಕು. ಅವರೇ ಹಾಕ್ಬೇಕು."

ರಘೂತ್ತಮ ಅವರನ್ನು ಕೂರಿಸಿಕೊಂಡು ಲಾಗಿನ್ ಮಾಡಿಸಿದೆ. ಕೊನೆಯಲ್ಲಿ ಒಂದು ಸೊಟ್ಟಪಟ್ಟ ಅಕ್ಷರಗಳ ಚಿತ್ರ ಬಂತು. ನೀವು ಯಂತ್ರವಲ್ಲ ಎಂದು ಸಾಬೀತುಪಡಿಸಲು ಚಿತ್ರದಲ್ಲಿ ಕಾಣುವ ಅಕ್ಷರಗಳನ್ನು ಟೈಪ್ ಮಾಡಿ. ನನಗೆ ಕೂದಲು ಕಿತ್ತುಕೊಳ್ಳುವಂತಾಯಿತು. ಏನು ಬಂದಿದೆ ಎಂದು ಅವರು ಕೇಳಿದರು. ಓದಿ ಹೇಳಿದೆ. ಅವರು ಜೋರಾಗಿ ನಕ್ಕುಬಿಟ್ಟರು. "ಹಾಕಿ ಹಾಕಿ, ನಾನು ಯಂತ್ರ ಅಲ್ಲ ಅಂತ ನೀವೇ ಸಾಕ್ಷಿ ಹೇಳಿ." ಆ ಕಚೇರಿಯಲ್ಲಿ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಂಗಳವಾರ ಟಿಕೆಟ್ ನೋಡಿದರೆ ಪರಿಹರಿಸಲಾಗಿದೆ ಎಂದು ಮುಚ್ಚಿಬಿಟ್ಟಿದ್ದಾರೆ. ಸೈಟು ತೆಗೆದರೆ ಅದೇ ಕೆಂಪು ಪುಟ. ಶಿವರಾಜುಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಬೆಂಗಳೂರಿನ ಮುಖ್ಯ ಕಚೇರಿಯಿಂದ ಅನುಮತಿ ಬಂದಿದೆ, ಆದರೆ ಪೆಟ್ಟಿಗೆಯಲ್ಲಿ ಹಾಕುವುದು ಮರೆತುಹೋಯಿತು ಅಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಮಧ್ಯಾಹ್ನದ ಹೊತ್ತಿಗೆ ಅಂತೂ ಬಿಟ್ಟ. ಡೌನ್‌ಲೋಡ್ ಆಯಿತು. ಇನ್‌ಸ್ಟಾಲ್ ಒತ್ತಿದೆ. ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಮೊಂಡೆತ್ತಿನ ಹಾಗೆ ಅಲ್ಲೇ. ನೋಡಿದರೆ, ಇಳಿಸಿಕೊಂಡದ್ದು ಬರೀ ಮರಿ, ಉಳಿದದ್ದನ್ನು ಅದೇ ಹೊರಗಿನಿಂದ ತರಿಸಿಕೊಳ್ಳಬೇಕು. ಕನ್ನಡದ ಧ್ವನಿ ಇನ್ನೊಂದು ವಿಳಾಸದಿಂದ ಬರಬೇಕು, ಆ ವಿಳಾಸವನ್ನು ಫೈರ್‌ವಾಲ್ ತಡೆದಿದೆ. ಮತ್ತೆ ಟಿಕೆಟ್, ಮತ್ತೆ ಸೊಟ್ಟ ಅಕ್ಷರ. ಅಷ್ಟರಲ್ಲಿ ನಂಜನಗೂಡಿನಿಂದ ಫೋನು, ಪ್ರಿಂಟರ್ ಹೊಗೆ ಬಿಡುತ್ತಿದೆಯಂತೆ. ಓಡಿದೆ.

ನಂಜನಗೂಡಿಗೆ ಹೊರಟ ಆ ಸಂಜೆಯ ಬಸ್ಸಿನಲ್ಲಿ ರಘೂತ್ತಮ ಪಕ್ಕದಲ್ಲಿ ಕೂತರು. ನನಗೆ ಮಾತಾಡುವ ತ್ರಾಣವಿರಲಿಲ್ಲ. ಅವರೇ ಮಾತಾಡಿದರು.

"ಚಿಕ್ಕವನಿದ್ದಾಗ ಅಪ್ಪನ ಪಕ್ಕ ಕೂತು ಎಲ್ಲ ಮಂತ್ರ ಕಲಿತೆ. ಕೇಳಿದ್ದೇನೂ ಮರೆಯಲ್ಲ ನನಗೆ. ಆದ್ರೆ ಗರ್ಭಗುಡಿಗೆ ಹೋಗೋ ಹಾಗಿಲ್ಲ. ಕಣ್ಣಿಲ್ಲದವರು ದೇವರನ್ನು ಮುಟ್ಟಿ ಪೂಜೆ ಮಾಡೋದು ಶಾಸ್ತ್ರದಲ್ಲಿಲ್ಲ ಅಂತ ಹಿರಿಯರು ಅಂದ್ರು. ಅಪ್ಪ ಏನೂ ಅನ್ನಲಿಲ್ಲ. ಸರಿ, ಬೇರೆ ಕೆಲಸ ಮಾಡೋಣ ಅಂತ ಓದಿದೆ. ಈಗ ನೋಡಿ."

"ಅವರು ಗೌರವದಿಂದಾನೇ ಮಾಡ್ಸೋದು ಸಾರ್" ಅಂದೆ, ಯಾಕೆ ಹಾಗಂದೆನೋ.

"ಗೊತ್ತು. ಅದಕ್ಕೇ ಬೇಡ ಅನ್ನೋಕೆ ಬಾಯಿ ಬರಲ್ಲ" ಅಂದರು.

ಬುಧವಾರ ಎರಡನೇ ವಿಳಾಸವೂ ತೆರೆಯಿತು. ಪಟ್ಟಿ ಅರ್ಧ ದಾಟಿತು, ಮುಕ್ಕಾಲು ದಾಟಿತು, ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೇನೆ, ತಟ್ಟನೆ ಎಲ್ಲ ಅಳಿಸಿಹೋಗಿ ಒಂದು ಸಾಲು ಬಂತು: ಪ್ರಮಾಣಪತ್ರ ಸರಿಯಿಲ್ಲ, ಇನ್‌ಸ್ಟಾಲ್ ರದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇದು ಆ ಮೊಹರಿನ ತಕರಾರು ಎಂದು ಗೊತ್ತಾಯಿತು. ಫೈರ್‌ವಾಲ್ ತನ್ನ ಮೊಹರು ಒತ್ತಿ ಕಳಿಸುತ್ತದಲ್ಲ, ಈ ಸಾಫ್ಟ್‌ವೇರಿಗೆ ಆ ಮೊಹರಿನ ಗುರುತಿಲ್ಲ. ಗುರುತು ಹಿಡಿಸಿದರಾಯಿತು ಎಂದು ಪೆಟ್ಟಿಗೆಯ ಮೊಹರನ್ನು ತಂದು ಕಂಪ್ಯೂಟರಿನ ನಂಬಿಕಸ್ಥರ ಪಟ್ಟಿಗೆ ಸೇರಿಸಿದೆ. ಮತ್ತೆ ಹಾಕಿದೆ. ಮತ್ತೆ ರದ್ದು. ಇನ್ನೊಂದು ಸಲ, ರದ್ದು. ತಲೆ ಸಿಡಿಯತೊಡಗಿತು. ಮಹದೇವಮ್ಮ ಕಾಫಿ ತಂದುಕೊಟ್ಟರು. ಅವರು ಆ ಕಚೇರಿಯ ಅಟೆಂಡರ್, ಇಡೀ ಕಚೇರಿ ನಡೆಯುವುದೇ ಅವರಿಂದ.

"ಯಾಕವ್ವ ಇಂಗೆ ಮಕ ಇಳ್ಸಿದ್ದೀಯ? ಓಗ್ಲಿ ಬುಡು. ಆಚಾರ್ರ ಋಣ ಇಲ್ಲಿದ್ರೆ ಇರ್ತಾರೆ."

"ಋಣ ಪಣ ಏನಿಲ್ಲ ಮಹದೇವಮ್ಮ. ಸಾಫ್ಟ್‌ವೇರ್ ಕೂತ್ಕಂಡ್ರೆ ಇರ್ತಾರೆ, ಇಲ್ಲಾಂದ್ರೆ ಓಯ್ತಾರೆ" ಎಂದು ರೇಗಿದೆ. ಪಾಪ, ಅವರ ಮೇಲೆ ರೇಗಿ ಏನು ಬಂತು.

ಗುರುವಾರ ಹೋಗುವ ಮನಸ್ಸೇ ಇರಲಿಲ್ಲ, ನಿಜ ಹೇಳುತ್ತೇನೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು. ಹೋಗಿ ಕೂತು, ಮೊದಲ ಸಲ ಆ ತಪ್ಪಿನ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿದ್ದದ್ದನ್ನು ಪೂರ್ತಿ ಓದಿದೆ. ಮೊಹರಿನ ಗುರುತಿಲ್ಲ ಅಂತ ಇರಲಿಲ್ಲ. ಮೊಹರಿನ ಅವಧಿ ಮುಗಿದಿದೆ ಅಂತ ಇತ್ತು. ಅದು ಹೇಗೆ? ಆ ಮೊಹರು ಒತ್ತಿದ್ದು ಈಗ, ನನ್ನ ಕಣ್ಣೆದುರು. ಅವಧಿ ಮುಗಿದದ್ದು ಎಷ್ಟೋ ವರ್ಷಗಳ ಹಿಂದಿನ ತಾರೀಖಿನಲ್ಲಿ.

ಶಿವರಾಜುಗೆ ಫೋನು ಮಾಡಿದೆ. "ಶಿವರಾಜು, ಸ್ವಲ್ಪ ಆ ಪೆಟ್ಟಿಗೆ ಒಳಗೆ ಇವತ್ತು ಯಾವ ತಾರೀಖು ಅಂತ ನೋಡು."

ಅವನು ನೋಡಿ, "ಅಯ್ಯೋ ಶಿವನೇ" ಅಂದ. ಪೆಟ್ಟಿಗೆ ಇನ್ನೂ ತಾನು ಕಾರ್ಖಾನೆಯಿಂದ ಹೊರಬಿದ್ದ ವರ್ಷದಲ್ಲೇ ಬದುಕುತ್ತಿತ್ತು, ಒತ್ತುವ ಮೊಹರಿಗೂ ಅದೇ ವರ್ಷದ ತಾರೀಖು. "ಅಕ್ಕ, ಗಡಿಯಾರದ ಬ್ಯಾಟರಿ ಸತ್ತದೆ. ಕರೆಂಟ್ ಓದಾಗಲೆಲ್ಲ ತಾರೀಖು ಮರ್ತು ಮೊದಲ್ನೇ ದಿನಕ್ಕೆ ಓಯ್ತದೆ. ಆದ್ರೆ ಅಲ್ಲಿ ಯುಪಿಎಸ್ ಇದ್ಯಲ್ಲ, ಕರೆಂಟ್ ಓಗೋ ಮಾತೇ ಇಲ್ಲ. ಯಾರಾದ್ರೂ ಆಫ್ ಮಾಡ್ತಾರಾ?"

"ಯಾರ್ ಮಾಡ್ತಾರಪ್ಪ, ಅದರ ಮೇಲೆ ಮುಟ್ಟಬೇಡಿ ಅಂತ ನಾನೇ ಚೀಟಿ ಅಂಟ್ಸಿದ್ದೀನಿ" ಅಂದೆ.

ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಮಹದೇವಮ್ಮ ತಲೆ ಎತ್ತಿದರು. "ನಾನೇ ಅಲ್ವೇನವ್ವ ಆರ್ಸೋದು. ಶುಕ್ರವಾರ ಶುಕ್ರವಾರ."

"ಏನು?"

"ಪೂಜೆಗೆ ಮುಂಚೆ ಒದ್ದೆ ಬಟ್ಟೇಲಿ ಎಲ್ಲ ಒರೀಸ್ಬೇಕಲ್ಲ. ಕರೆಂಟ್ ಒಡುದ್ರೆ ನಿಮ್ಮಪ್ಪ ಬಂದಾನಾ? ಆ ಯುಪಿಎಸ್ಸು, ಮೈನು ಎಲ್ಡೂ ಆರುಸ್ಬುಡ್ತೀನಿ. ಮಂಗಳಾರ್ತಿ ಆದ್ಮೇಲೆ ಆಕ್ತೀನಿ."

ನಾನು ಕುರ್ಚಿಗೆ ಒರಗಿಬಿಟ್ಟೆ. ಕಚೇರಿಯ ಉಳಿದವರಿಗೆ ಇದು ಗೊತ್ತೇ ಆಗಿರಲಿಲ್ಲ. ಕಡತದ ತಾಣವನ್ನು ಪೆಟ್ಟಿಗೆ ತಪಾಸಣೆಯಿಲ್ಲದೆ ಬಿಡುತ್ತದೆ, ಆದ್ದರಿಂದ ದಿನದ ಕೆಲಸಕ್ಕೆ ತೊಂದರೆಯಿಲ್ಲ. ಬೇರೆ ಸೈಟು ತೆಗೆದಾಗ ಅಪಾಯವಿದೆ ಎಂದು ಪರದೆ ಹೇಳುತ್ತದೆ, ಇವರು ಆದರೂ ಮುಂದುವರಿಯಿರಿ ಎಂಬುದನ್ನು ಒತ್ತುತ್ತಾರೆ. ನಮ್ಮ ಕಚೇರಿಗಳಲ್ಲಿ ಯಾರೂ ಅದನ್ನು ಓದುವುದಿಲ್ಲ, ಒತ್ತುತ್ತಾರೆ ಅಷ್ಟೆ, ಮಂಗಳವಾರ ನಾನೂ ಒತ್ತಿದ್ದೆ. ಸಾಫ್ಟ್‌ವೇರಿನಲ್ಲಿ ಮಾತ್ರ ಹಾಗೆ ಮುಂದುವರಿಯುವ ಗುಂಡಿ ಇರಲಿಲ್ಲ.

ರಘೂತ್ತಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಅಂದ್ರೆ ಇಷ್ಟು ದಿನ ನಾನು ಮಂಗಳಾರತಿ ಎತ್ತಿದಾಗಲೆಲ್ಲ ನನ್ನ ಬಾಗಿಲೇ ಮುಚ್ಕೊಂಡಿದೆ" ಅಂದರು. ಈ ಸಲ ನಗಲಿಲ್ಲ.

ಶಿವರಾಜು ತಾರೀಖು ಸರಿಮಾಡಿದ. "ಒಸಾ ಬ್ಯಾಟರಿ ಕಳುಸ್ತೀವಿ ಅಕ್ಕ. ಅಲ್ಲೀಗಂಟ ಆಫ್ ಮಾಡ್ಬೇಡಿ. ಆಫಾದ್ರೆ ಮೇಲೇಳೋಕೇ ಅದಕ್ಕೆ ಬಾಳ ಒತ್ತು ಬೇಕು." ನಾನು ಇನ್‌ಸ್ಟಾಲ್ ಒತ್ತಿದೆ. ಅರ್ಧ, ಮುಕ್ಕಾಲು, ಪೂರ್ತಿ. ನಂಬಿಕೆಯೇ ಬರಲಿಲ್ಲ. ಕಂಪ್ಯೂಟರ್ ಒಂದು ಸಲ ಗೊರಗುಟ್ಟಿ, ನೆಗಡಿಯಾದವರ ಗಂಟಲಿನಲ್ಲಿ ಹೇಳಿತು: "ನಮಸ್ಕಾರ."

ರಘೂತ್ತಮ ಕೀಲಿಗಳ ಮೇಲೆ ಬೆರಳಿಟ್ಟರು. ಅದು ಓದುತ್ತ ಹೋಯಿತು. ಗಡಿಯಾರ ಓದಿತು, ಕಸದ ಬುಟ್ಟಿ ಖಾಲಿ ಇದೆ ಅಂದಿತು, ಪ್ರಿಂಟರ್ ಸಿಕ್ಕಿಲ್ಲ ಅಂದಿತು. ಅವರು ಒಂದನ್ನೂ ಬಿಡದೆ ಓದಿಸಿದರು. ಸುಸ್ತಿಗೋ ಏನೋ, ನನಗೆ ಅಳು ಬಂದೇಬಿಟ್ಟಿತು. ಮೂಗು ಒರೆಸಿಕೊಂಡು ಬಸ್ಸಿಗೆ ಹೊರಟೆ.

ಶುಕ್ರವಾರ ನನಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ಹೋದೆ. ಬಾಗಿಲಲ್ಲೇ ಸಿದ್ದಮಲ್ಲಪ್ಪನವರು ಹಿಡಿದುಕೊಂಡರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಮೂರು ಪಟ್ಟೆ ವಿಭೂತಿ.

"ನೋಡಮ್ಮ, ಬರ್ತಾ ಇರೋ ಶ್ರೀವಾಣಿ ಮೇಡಂ ಬಾಳ ದೈವಭಕ್ತರಂತೆ. ನಾನು ಫೋನಲ್ಲೇ ಎಲ್ಲ ಹೇಳಿದ್ದೀನಿ. ಬಂದ ತಕ್ಷಣ ಪೂಜೆ. ಆಚಾರ್ರು ಮಂತ್ರ ಹೇಳಿದ್ರೆ ಕಲ್ಲೂ ಕರಗ್ತದೆ. ಪ್ರಸಾದ ತಗೊಂಡು ಖಾಯಂ ಅಂತ ಬರ್ದು ಓಯ್ತಾರೆ. ಆ ಕಂಪ್ಯೂಟ್ರು ಮುಂದೆ ಕೂರ್ಸಿ, ಎಲ್ಲಾರ ಎದುರಿಗೆ ತಡಬಡಾಯಿಸಿದ್ರೆ ಪಾಪ ಅವರ ಅನ್ನಕ್ಕೆ ಕಲ್ಲು ಬೀಳ್ತದೆ. ಯಾಕಮ್ಮ ರಿಸ್ಕು?"

ಅವರ ಕಣ್ಣಿನಲ್ಲಿ ಕಪಟವಿರಲಿಲ್ಲ. ಲೆಕ್ಕವೂ ಸರಿಯಾಗೇ ಇತ್ತು. ಈ ದಾರಿಯಲ್ಲಿ ಹೋದರೆ ಕೆಲಸ ಉಳಿಯುವುದು ಖಂಡಿತ. ಒಂದು ವಾರದ ಒದ್ದಾಟವೆಲ್ಲ ನೀರಿಗೆ ಹೋಯಿತಲ್ಲ ಅಂತ ಸಂಕಟವಾಯಿತು. ಒಳಗೆ ಹೋಗಿ ರಘೂತ್ತಮ ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

"ಪೂಜೆ ಆದ ಮೇಲೆ ಕಡತ ತೋರಿಸಬಹುದಾ?" ಎಂದು ಕೇಳಿದರು.

"ಪೂಜೆಗೆ ಪೆಟ್ಟಿಗೆ ಆರಿಸ್ತಾರೆ ಸಾರ್. ಬೇಡ ಅಂದ್ರೆ, ಮೇಡಂ ಮುಂದೆ ಒರೆಸದೆ ಪೂಜೆ ಹೆಂಗೆ ಅಂತಾರೆ, ಅದಿಲ್ದೆ ಕಡತ ತೆರೆಯಲ್ಲ. ಅದು ಮತ್ತೆ ಎದ್ದೇಳೋ ಅಷ್ಟೊತ್ತಿಗೆ ಮೇಡಂ ಊಟ ಮುಗಿಸಿ ಮೈಸೂರು ದಾರಿ ಹಿಡ್ದಿರ್ತಾರೆ."

ಅವರು ತಲೆಯಾಡಿಸಿದರು.

ಶ್ರೀವಾಣಿ ಮೇಡಂ ಬಂದರು. ನಡುವಯಸ್ಸಿನವರು, ಬೆಳಗಿನಿಂದ ಇನ್ನೆಷ್ಟು ಕಚೇರಿ ತಿರುಗಿದ್ದರೋ, ಮುಖ ನನ್ನಷ್ಟೇ ಸೋತಿತ್ತು. ಎಲ್ಲರೂ ರೆಕಾರ್ಡ್ ರೂಮಿನಲ್ಲಿ ಸೇರಿದೆವು. ಹೂವಿನ ತಟ್ಟೆ, ಹಣ್ಣುಕಾಯಿ, ಮೂಲೆಯಲ್ಲಿ ಸಕ್ಕರೆ ಪೊಂಗಲಿನ ಪಾತ್ರೆ. ಮಹದೇವಮ್ಮ ಒದ್ದೆ ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡು ಮೈನ್ ಸ್ವಿಚ್ಚಿಗೆ ಕೈಯಿಟ್ಟರು.

"ಆರಿಸಬೇಡಿ ಮಹದೇವಮ್ಮ" ಅಂದರು ರಘೂತ್ತಮ.

ಮಹದೇವಮ್ಮನ ಕೈ ಅಲ್ಲೇ ನಿಂತಿತು. ಸಿದ್ದಮಲ್ಲಪ್ಪನವರು ನಗಲು ನೋಡಿದರು. "ಆಚಾರ್ರೆ, ಮಡಿ ಆಗಿ ಒರೆಸ್ಬೇಕಲ್ವಾ? ಮೇಡಂಗೆ ಲೇಟಾಯ್ತದೆ, ಶುರು ಮಾಡಿ."

"ಇವತ್ತು ಮೊದಲು ಕಡತ ಸಾರ್. ಮಂಗಳಾರತಿ ಆಮೇಲೆ."

ಆ ರೂಮಿನಲ್ಲಿ ಅಂಥ ಮಾತು ಯಾರೂ ಕೇಳಿರಲಿಲ್ಲ. ಮಂಗಳಾರತಿ ಆಗದೆ ಅಲ್ಲಿ ಯಾರೂ ಊಟಕ್ಕೆ ಏಳುವುದಿಲ್ಲ, ಸಾಹೇಬರಾದರೂ ಸರಿ. ಎಲ್ಲರೂ ಮೇಡಂ ಮುಖ ನೋಡಿದರು. ಮೇಡಂ ಗಡಿಯಾರ ನೋಡಿಕೊಂಡರು.

"ನೋಡಿ, ನಿಮ್ಮ ವಿಷಯ ಸಿದ್ದಮಲ್ಲಪ್ಪನವರು ಹೇಳಿದ್ದಾರೆ. ನಾನು ತೊಂದರೆ ಮಾಡಲ್ಲ. ಚಿಂತೆ ಬೇಡ" ಅಂದರು.

"ನನ್ನ ಕೆಲಸ ನೋಡದೆ ಖಾಯಂ ಮಾಡಬೇಡಿ ಮೇಡಂ" ಅಂದರು ರಘೂತ್ತಮ. "ಬರದೇ ಹೋದ್ರೆ ಬರಲ್ಲ ಅಂತಾನೇ ಬರೀರಿ. ನೋಡಿ ಬರೀರಿ."

ಬಡವನ ಕೋಪ ದವಡೆಗೆ ಮೂಲ, ಈ ಮನುಷ್ಯ ಕೈಯಲ್ಲಿದ್ದ ಅನ್ನವನ್ನು ತಾನೇ ಚೆಲ್ಲಿಕೊಳ್ಳುತ್ತಿದ್ದಾನಲ್ಲ ಎನ್ನಿಸಿತು. ಮೇಡಂ ಒಂದು ನಿಟ್ಟುಸಿರು ಬಿಟ್ಟು, ಬನ್ನಿ ಎಂದು ಹೊರಗೆ ನಡೆದರು. ಉಳಿದವರೂ ಹಿಂದೆ ಬಂದು ಅವರ ಮೇಜಿನ ಸುತ್ತ ನಿಂತರು.

ರಘೂತ್ತಮ ಇಯರ್‌ಫೋನ್ ಹಾಕಿಕೊಳ್ಳಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಧ್ವನಿ ಏರಿಸಿ ಲಾಗಿನ್ ಆದರು. ಯಂತ್ರ ಓದತೊಡಗಿತು. ಒಂದು ಕಡೆ ತಪ್ಪು ಕೀಲಿ ಒತ್ತಿ ಹೊರಗೆ ಬಂದುಬಿಟ್ಟರು, ಮತ್ತೆ ಒಳಗೆ ಹೋದರು. ಯಾರೋ ಹಿಂದಿನಿಂದ ಪಾಪ ಅಂದರು. ಮೇಡಂ ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ತಾವೇ ಒಂದು ಕಡತ ಆರಿಸಿ ಅವರಿಗೆ ಕಳಿಸಿದರು. ಯಂತ್ರ ವಿಷಯ ಓದಿತು: ಜವರಯ್ಯ ಎಂಬ ರೈತರ ಅರ್ಜಿ, ತೂಬಿನ ಹಲಗೆ ದುರಸ್ತಿಯ ಬಗ್ಗೆ. ಅರ್ಜಿ ತೆರೆದರು. ಯಂತ್ರ "ಚಿತ್ರ" ಅಂದು ಸುಮ್ಮನಾಯಿತು.

ಕೈಬರಹದ ಅರ್ಜಿಯನ್ನು ಸ್ಕ್ಯಾನ್ ಮಾಡಿ ಹಾಕಿದ್ದರು. ಅದು ಬರೀ ಚಿತ್ರ, ಅದನ್ನು ಓದಲು ಈ ಸಾಫ್ಟ್‌ವೇರಿಗೆ ಬರುವುದಿಲ್ಲ. ಇದನ್ನು ನಾನು ಯೋಚಿಸಿರಲೇ ಇಲ್ಲ. ಸಿದ್ದಮಲ್ಲಪ್ಪನವರು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ನಾನು ಬಡಕೊಂಡೆನಲ್ಲಮ್ಮ ಅನ್ನುವ ಹಾಗಿತ್ತು.

ರಘೂತ್ತಮ ಕೀಲಿಗಳಿಂದ ಬೆರಳೆತ್ತಿದರು. ಆಮೇಲೆ ಮೇಡಂ ಕಡೆ ತಿರುಗಿದರು.

"ಇದು ಕೈಬರಹ ಮೇಡಂ, ಯಂತ್ರ ಓದಲ್ಲ. ಇಂಥದ್ದಕ್ಕೆ ಒಬ್ಬರು ಓದಿ ಹೇಳಬೇಕು. ಇದೊಂದು ಪುಟ ನೀವು ಓದ್ತೀರಾ?"

ಮೇಡಂ ಒಂದು ಕ್ಷಣ ಅವರನ್ನೇ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ಓದಿದರು. ತೂಬಿನ ಹಲಗೆ ಮುರಿದು ನೀರೆಲ್ಲ ಹಳ್ಳಕ್ಕೆ ಹೋಗುತ್ತಿದೆ, ಕೊನೆಯ ಗದ್ದೆಗಳಿಗೆ ಏನೂ ಸಿಗುತ್ತಿಲ್ಲ, ದಯವಿಟ್ಟು ಸರಿಮಾಡಿಸಿಕೊಡಿ. ಓದಿ ಮುಗಿಸುವ ಮೊದಲೇ ರಘೂತ್ತಮ ಟೈಪ್ ಮಾಡಲು ಶುರುಮಾಡಿದ್ದರು. ಬರೆದದ್ದನ್ನು ಯಂತ್ರದಿಂದ ಓದಿಸಿ, ಒಂದು ತಪ್ಪು ತಿದ್ದಿ, ಸ್ಥಳ ತನಿಖೆ ಮಾಡಿ ವರದಿ ಕೊಡಲು ಎಂಜಿನಿಯರರಿಗೆ ಕಳಿಸಬಹುದು ಎಂದು ಟಿಪ್ಪಣಿ ಹಾಕಿ ಮುಂದೆ ಕಳಿಸಿದರು. ಕಡತ ಕಳುಹಿಸಲಾಗಿದೆ ಎಂದಿತು ಯಂತ್ರ. ಅಲ್ಲಿನ ಯಾವ ಗುಮಾಸ್ತರೂ ಬರೆಯುವಂಥ ಟಿಪ್ಪಣಿ, ಹೆಚ್ಚಿಲ್ಲ ಕಡಿಮೆಯಿಲ್ಲ.

ಮೇಡಂ ಕನ್ನಡಕ ತೆಗೆದರು. "ಸಿದ್ದಮಲ್ಲಪ್ಪನವರೇ, ಇಷ್ಟು ದಿನ ಇವರ ಕೈಲಿ ಏನು ಮಾಡಿಸಿದ್ರಿ?"

"ಪೂಜೆ ಮೇಡಂ" ಅಂದರು. ಅಂದ ಮೇಲೆ ತಾವೇ ಬೆಚ್ಚಿದರು.

ಮೇಡಂ ಪೆನ್ನು ತೆಗೆದರು. ಖಾಯಂ ಮಾಡಲು ಬರೆಯುತ್ತೇನೆ, ಇವರ ಕಡತಗಳನ್ನು ಇವತ್ತೇ ಇವರಿಗೆ ವಾಪಸ್ ಕೊಡಿ ಎಂದು ಹೇಳಿ ಎದ್ದರು. ಯಾರೋ ಚಪ್ಪಾಳೆ ತಟ್ಟಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಎಲ್ಲರೂ ಮತ್ತೆ ರೆಕಾರ್ಡ್ ರೂಮಿನ ಕಡೆ ತಿರುಗಿದರು. ಸಿದ್ದಮಲ್ಲಪ್ಪನವರು ಮೆಲ್ಲಗೆ ಬಂದು, "ಹಂಗಾದ್ರೆ ಆಚಾರ್ರೆ, ಈಗ ಮಂಗಳಾರತಿ..." ಅಂದರು.

ರಘೂತ್ತಮ ಕುರ್ಚಿಯಿಂದ ಏಳಲಿಲ್ಲ. "ನಮ್ಮ ಅಪ್ಪ ಪೂಜೆ ಮಾಡೋ ಗುಡಿಯಲ್ಲಿ ನಾನು ಒಳಗೆ ಹೋಗೋ ಹಾಗಿಲ್ಲ ಸಾರ್. ಇಲ್ಲಿ ಮಾಡಿದ್ದು ನೀವು ಕರೆದ್ರಿ ಅಂತ. ಇನ್ಮೇಲೆ ಕರೀಬೇಡಿ, ದಯವಿಟ್ಟು. ಕಡತ ಕೊಡಿ."

ಸಿದ್ದಮಲ್ಲಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. "ನಾನು... ಮರ್ಯಾದೆ ಕೊಡ್ತಾ ಇದ್ದೀನಿ ಅಂದ್ಕಂಡಿದ್ದೆ ಸ್ವಾಮಿ" ಅಂದರು. ಆ ಮುಖ ನೋಡಿ ನನಗೆ ಅವರ ಮೇಲೂ ಅಯ್ಯೋ ಅನ್ನಿಸಿತು.

ಕರ್ಪೂರ ಹಚ್ಚಿದ್ದು ಮಹದೇವಮ್ಮ. ಮಂತ್ರವಿಲ್ಲ, ಬರೀ ಗಂಟೆ. ಮೈನ್ ಆರಿಸಲಿಲ್ಲ, ಬಟ್ಟೆ ಹೆಗಲ ಮೇಲೇ ಇತ್ತು. ಎಲ್ಲರೂ ಕಣ್ಣಿಗೊತ್ತಿಕೊಂಡು ಪೊಂಗಲಿಗೆ ಕೈಯೊಡ್ಡಿದರು. ಗಂಟೆ ನಿಂತ ಮೇಲೆ ಹೊರಗಿನಿಂದ ಆ ನೆಗಡಿ ಧ್ವನಿ ಕೇಳಿಸುತ್ತಲೇ ಇತ್ತು. ಎರಡನೇ ಕಡತ, ಮೂರನೇ ಕಡತ, ಯಾರದೋ ಹೆಸರು, ಯಾವುದೋ ಊರು. ತಟ್ಟೆ ಹಿಡಿದವರೆಲ್ಲ ಮಾತಾಡದೆ ತಿನ್ನುತ್ತಿದ್ದರು. ಸಿದ್ದಮಲ್ಲಪ್ಪನವರು ದೊನ್ನೆಯನ್ನು ಮುಟ್ಟದೆ ನನ್ನ ಪಕ್ಕಕ್ಕೆ ಬಂದರು.

"ಅಮ್ಮ, ಅದರ ಸೌಂಡು ಒಂಚೂರು ಕಮ್ಮಿ ಮಾಡಕ್ಕಾಯ್ತದಾ?"

"ಆಯ್ತದೆ ಸಾ" ಅಂದೆ. "ಇವತ್ತೊಂದಿನ ಕೇಳಿಸ್ಕೊಳ್ಳಿ."